ಕಣ್ಪಟ್ಟಿ ಕಟ್ಟಿಕೊಂಡ ಮುಯ್ಯಾಳು

ಹೇಮಶ್ರೀ ಆ ದಿನ ಅಷ್ಟು ಚೆನ್ನಾಗಿ ಮಾಡಬಾರದಿತ್ತು. ಸುಮಾರಾಗಿ ಮಾಡಿದ್ದರೆ ಸಾಕಿತ್ತು. ಅಲ್ಲೊಂದು ಇಲ್ಲೊಂದು ತಪ್ಪು ಮಾಡಿ, ನಡುವೆ ಕೈಯನ್ನು ಕೊಂಚ ತಡಮಾಡಿಸಿ, ಪಾಸಾದರೆ ಆಯಿತು ಎನ್ನುವ ಹಾಗೆ ಮುಗಿಸಿ ಎದ್ದು ಬಂದಿದ್ದರೆ ರಂಜಿತ ಇವತ್ತಿಗೂ ಕಂಪನಿ ಬಸ್ಸಿನಲ್ಲಿ ಅವಳ ಪಕ್ಕದಲ್ಲೇ ಕೂತಿರುತ್ತಿದ್ದಳು. ಆದರೆ ಇನ್ನೊಬ್ಬರ ಕೆಲಸವನ್ನು ಸುಮಾರಾಗಿ ಮಾಡುವುದು ಹೇಮಶ್ರೀಗೆ ಗೊತ್ತಿರಲಿಲ್ಲ. ಅವಳೊಬ್ಬಳಿಗೇ ಅಂತಲ್ಲ, ಅವಳ ಊರಿನಲ್ಲಿ ಯಾವ ಹೆಂಗಸಿಗೂ ಗೊತ್ತಿರಲಿಲ್ಲ.

ಆ ಊರಲ್ಲಿ ಮುಯ್ಯಾಳಿನ ಪದ್ಧತಿ ಇನ್ನೂ ಉಳಿದಿದೆ. ನಾಟಿ, ಕಳೆ, ಕೊಯ್ಲು ಏನೇ ಬರಲಿ, ಇವತ್ತು ನೀನು ನನ್ನ ಗದ್ದೆಗೆ, ನಾಳೆ ನಾನು ನಿನ್ನ ಗದ್ದೆಗೆ. ಕೂಲಿಯ ಮಾತೇ ಇಲ್ಲ. ತಮಾಷೆ ಏನೆಂದರೆ, ಸ್ವಂತ ಗದ್ದೆಯಲ್ಲಿ ಸೊಂಟ ಹಿಡಿದುಕೊಂಡು ಗೊಣಗುವ ಹೆಂಗಸೇ ಪಕ್ಕದವರ ಗದ್ದೆಗೆ ಇಳಿದರೆ ತಲೆ ಎತ್ತುವುದಿಲ್ಲ. ತನ್ನ ಕೆಲಸ ಕೆಟ್ಟರೆ ತನಗೊಬ್ಬಳಿಗೆ ನಷ್ಟ, ಮುಯ್ಯಾಳಾಗಿ ಹೋದ ಕಡೆ ಕೆಲಸ ಕೆಟ್ಟರೆ ಇಡೀ ಮನೆಯ ಮಾನ ಹೋಗುತ್ತದೆ. ಹೇಮಶ್ರೀ ಈ ಊರಿಗೆ ಸೊಸೆಯಾಗಿ ಬಂದ ಹೊಸದರಲ್ಲೇ ಅತ್ತೆ ದ್ಯಾವಮ್ಮ ಕಲಿಸಿದ ಮೊದಲ ಪಾಠ ಇದು. ಅಂಥ ಹೆಂಗಸರನ್ನು ಕರೆದುಕೊಂಡು ಹೋಗಿ ಕಂಪನಿಯವರು ಕಣ್ಣಿಗೆ ಯಂತ್ರ ಕಟ್ಟಿದರು. ಆಗಬಾರದ್ದು ಆಗದೆ ಇನ್ನೇನಾಗುತ್ತದೆ?

ಪಾಂಡವಪುರ ರೈಲ್ವೆ ಸ್ಟೇಷನ್ ದಾಟಿ ಶ್ರೀರಂಗಪಟ್ಟಣದ ಕಡೆಗೆ ಹೋಗುವ ದಾರಿಯಲ್ಲಿದೆ ಆ ಕಾರ್ಖಾನೆ. ಅಲ್ಲಿ ಸ್ಕೂಟರಿನ ವೈರು ಕಟ್ಟುತ್ತಾರೆ. ದೀಪಕ್ಕೆ, ಹಾರನ್ನಿಗೆ, ಬ್ಯಾಟರಿಗೆ ಹೋಗುವ ಬಣ್ಣಬಣ್ಣದ ವೈರುಗಳನ್ನು ಗೂಟ ನೆಟ್ಟ ಹಲಗೆಯ ಮೇಲೆ ಒಂದೊಂದಾಗಿ ಹಾಯಿಸಿ, ತುದಿಗೆ ಕನೆಕ್ಟರು ಸಿಕ್ಕಿಸಿ, ಉದ್ದಕ್ಕೂ ಟೇಪು ಸುತ್ತಿದರೆ ಒಂದು ಕಟ್ಟು ಆಯಿತು. ಹೆಂಗಸರು ಅದನ್ನು ಜಡೆ ಅನ್ನುತ್ತಾರೆ. ಕೆ.ಆರ್. ಪೇಟೆ, ನಾಗಮಂಗಲ ಕಡೆಯಿಂದಲೂ ಬಸ್ಸುಗಳಲ್ಲಿ ಬಂದು ಬೆಳಗಿನಿಂದ ಸಂಜೆಯವರೆಗೆ ಜಡೆ ಹೆಣೆದು ಹೋಗುತ್ತಾರೆ.

ರಂಜಿತಳನ್ನು ಅಲ್ಲಿಗೆ ಸೇರಿಸಿದವಳೇ ಹೇಮಶ್ರೀ. ರಂಜಿತ ಹೇಮಗಿರಿ ಹತ್ತಿರದ ಹಳ್ಳಿಯವಳು, ಹೇಮಶ್ರೀಯ ಬೀದಿಗೇ ಸೊಸೆಯಾಗಿ ಬಂದವಳು. ಅವಳ ಗಂಡ ಕುಮಾರನಿಗೆ ಹೆಂಡತಿ ಹಸು ನೋಡಿಕೊಂಡು, ಡೈರಿಗೆ ಹಾಲು ಹಾಕಿಕೊಂಡು ಮನೆಯಲ್ಲೇ ಇರಲಿ ಎಂಬ ಆಸೆ. ರಂಜಿತ ಅತ್ತು, ಮುನಿಸಿಕೊಂಡು, ಎರಡು ಸಲ ತವರಿಗೆ ಹೋಗಿ ಕೂತು ಆ ಕೆಲಸವನ್ನು ಗಿಟ್ಟಿಸಿಕೊಂಡಿದ್ದಳು. 'ಅದೆಷ್ಟು ದಿನ ಮಾಡೀಯೋ ನೋಡ್ತೀನಿ' ಎಂದು ಅವನು ಹೇಳಿದ್ದ ಮಾತು ಅವಳಿಗೆ ಮುಳ್ಳಿನ ಹಾಗೆ ಚುಚ್ಚಿಕೊಂಡಿತ್ತು. ಕಾರ್ಖಾನೆಯಲ್ಲಿ ಅವಳ ಕೈ ನಿಧಾನ. ಆದರೆ ಅವಳು ಟೇಪು ಸುತ್ತಿದ ಜಡೆ ಒಂದೂ ವಾಪಸ್ಸು ಬಂದದ್ದಿಲ್ಲ, ಆ ವಿಷಯದಲ್ಲಿ ಅವಳಿಗೆ ಒಳಗೊಳಗೇ ಜಂಬವೂ ಇತ್ತು.

ಯುಗಾದಿ ಕಳೆದ ಮೇಲೆ ಹೊಸ ಯಂತ್ರ ಕಲಿಸಲು ಕಾರ್ಖಾನೆಗೆ ರಘುನಂದನ್ ಬಂದ. ನಾಗಮಂಗಲದ ಹುಡುಗ, ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದವನು. ಒಳ್ಳೆಯವನು, ಅದೇ ದೊಡ್ಡ ತೊಂದರೆ. ಕೆಟ್ಟವನಾಗಿದ್ದರೆ ಅವನನ್ನು ಬೈದುಕೊಂಡಾದರೂ ಹೇಮಶ್ರೀ ಹಗುರಾಗಬಹುದಿತ್ತು. ಅವನು ಎಲ್ಲರನ್ನೂ ಕೂರಿಸಿಕೊಂಡು ತಾಳ್ಮೆಯಿಂದ ವಿವರಿಸಿದ. ಮೊದಲು ವಿ.ಆರ್. ಎಂಬ ದಪ್ಪನೆಯ ಪೆಟ್ಟಿಗೆಯನ್ನು ಕಣ್ಣಿಗೆ ಕಟ್ಟಿಕೊಂಡು ಅಭ್ಯಾಸ. ಹೊರಗಿನದು ಏನೂ ಕಾಣದು, ಒಳಗೆ ಗಾಳಿಯಲ್ಲಿ ತೇಲುವ ಹಲಗೆ, ತೇಲುವ ವೈರು. ಅದರಲ್ಲೇ ಟೆಸ್ಟು. ಪಾಸಾದವರಿಗೆ ಹೊಸ ಹಾಲ್‌ನಲ್ಲಿ ಎ.ಆರ್. ಕನ್ನಡಕ. ಅದು ಹಗುರ, ಅದರಲ್ಲಿ ನಿಜವಾದ ಹಲಗೆಯೇ ಕಾಣುತ್ತದೆ, ಮೇಲೊಂದು ಹಸಿರು ಗೆರೆ ಮೂಡಿ ಮುಂದಿನ ವೈರು ಎಲ್ಲಿಗೆ ಎಂದು ತೋರಿಸುತ್ತದೆ.

ಹೆಂಗಸರು ಮೊದಲನೆಯದಕ್ಕೆ ಕಣ್ಪಟ್ಟಿ ಎಂದು ಹೆಸರಿಟ್ಟರು. ಅದನ್ನು ಕಟ್ಟಿಕೊಂಡು ಬರಿಗೈಯಲ್ಲಿ ಗಾಳಿ ಹಿಂಡುವವರನ್ನು ನೋಡಿ ಮೈಮೇಲೆ ದೇವರು ಬಂದಿದೆ ಎಂದು ನಗಾಡಿದರು. ಪಾಸಾಗದವರ ಗತಿಯೇನು ಎಂದು ಒಬ್ಬಳು ಕೇಳಿದ್ದಕ್ಕೆ ರಘುನಂದನ್ ಬಾಯಿ ತೆರೆಯುವ ಮೊದಲೇ ಸೂಪರ್‌ವೈಸರ್ ಚಲುವರಾಜು, "ಅಳೇ ಅಲ್ಗೆ ತೆಗ್ದಾಕ್ತಾರೆ. ಆಮೇಲ್ ನಿಮ್ಗೇನ್ ಕೆಲ್ಸ ಇಲ್ಲಿ?" ಎಂದುಬಿಟ್ಟ. ಕಂಪನಿ ಹಾಗೆ ಹೇಳಿರಲಿಲ್ಲ. ಆದರೆ ಚಲುವರಾಜುವಿನ ಬಾಯಿಂದ ಬಂದದ್ದನ್ನು ಯಾರು ಅಳೆದು ತೂಗಿ ನೋಡುತ್ತಾರೆ? ಎಲ್ಲರಿಗೂ ಭಯ ಹತ್ತಿತು.

ರಂಜಿತಳಿಗೆ ಕಣ್ಪಟ್ಟಿ ಒಗ್ಗಲಿಲ್ಲ. ಕಟ್ಟಿಕೊಂಡ ಸ್ವಲ್ಪ ಹೊತ್ತಿಗೆ ತಲೆ ಸುತ್ತಿ, ಓಡಿಹೋಗಿ ವಾಂತಿ ಮಾಡಿಕೊಳ್ಳುತ್ತಿದ್ದಳು.

"ನೆಲ ಎಲ್ಲೈತೆ ಅಂತ್ಲೇ ಗೊತ್ತಾಗಾಕಿಲ್ಲ ಕಣಕ್ಕಾ" ಎಂದು ಬಸ್ಸಿನಲ್ಲಿ ಅತ್ತಳು. "ಸಾರ್‌ಗೆ ಏಳುದ್ರೆ ಕಾಯ್ಲೆಯೋಳು ಅಂತ ಮನೀಗ್ ಕಳುಸ್ತಾರೆ. ನನ್ ಗಂಡ ಕಾಯ್ಕೊಂಡ್ ಕುಂತವ್ನೆ, ನಾ ವಾಪಸ್ ಬರ್ಲಿ ಅಂತ."

ಹೇಮಶ್ರೀ ಹೆಚ್ಚು ಯೋಚನೆ ಮಾಡಲಿಲ್ಲ. ಹುಷಾರಿಲ್ಲದ ಮನೆಯ ಗದ್ದೆಗೆ ಇಳಿಯುವವರು ಎಲ್ಲಿ ಯೋಚನೆ ಮಾಡುತ್ತಾರೆ? "ಅಳ್ಬ್ಯಾಡ ಸುಮ್ಕಿರು. ನಿಂದೂ ನಾನೇ ಕೊಡ್ತೀನಿ. ಮುಯ್ಯಾಳು ಅಂದ್ಕೊ" ಎಂದಳು.

ಅದು ಕಷ್ಟವೂ ಇರಲಿಲ್ಲ. ಎಲ್ಲರದ್ದೂ ಒಂದೇ ನೀಲಿ ಕೋಟು, ಒಂದೇ ಟೋಪಿ, ಮೂಗು ಬಾಯಿಗೆ ಮಾಸ್ಕು, ಉಳಿದ ಕಣ್ಣನ್ನೂ ಕಣ್ಪಟ್ಟಿ ಮುಚ್ಚಿಬಿಟ್ಟರೆ ಹೆತ್ತ ತಾಯಿಗೂ ಗುರುತು ಸಿಗದು. ಯಂತ್ರಕ್ಕೆ ಬೇಕಾದದ್ದು ಕುತ್ತಿಗೆಯ ಕಾರ್ಡು ಮಾತ್ರ. ಬೆಳಿಗ್ಗೆ ಹೇಮಶ್ರೀ ತನ್ನ ಕಾರ್ಡು ತೋರಿಸಿ ತನ್ನ ಟೆಸ್ಟು ಕೊಟ್ಟಳು. ಫೇಲಾದರೆ ಎಂಬ ಹೆದರಿಕೆಗೆ ಕೈ ನಡುಗಿ, ಅಂತೂ ಇಂತೂ ದಡ ಮುಟ್ಟಿದಳು. ಊಟದ ಹೊತ್ತು ಕಳೆದ ಮೇಲೆ ರಂಜಿತಳ ಕಾರ್ಡು ಹಾಕಿಕೊಂಡು ಬಂದು ಮತ್ತೆ ಕೂತಳು. ರಂಜಿತ ಬಾತ್‌ರೂಮಿನಲ್ಲಿ ಚಿಲಕ ಹಾಕಿಕೊಂಡು ದೇವರ ಜಪ ಮಾಡುತ್ತಿದ್ದಳು.

ತನ್ನ ಹೆಸರಿನಲ್ಲಿ ನಡುಗಿದ ಕೈ ರಂಜಿತಳ ಹೆಸರಿನಲ್ಲಿ ನಡುಗಲಿಲ್ಲ. ಹಾಗೆ ನೋಡಿದರೆ ಅವಳ ಜೀವಮಾನದಲ್ಲಿ ಆ ಕೈ ಅಷ್ಟು ಚುರುಕಾಗಿ ಎಂದೂ ಓಡಿರಲಿಲ್ಲ. ತನಗೆ ಬೇಕಾದವಳ ಗದ್ದೆ, ತಾನು ಇಳಿದ ಮೇಲೆ ಯಾರೂ ಬೆರಳು ತೋರಿಸಬಾರದು, ಅಷ್ಟೇ ಅವಳ ತಲೆಯಲ್ಲಿದ್ದದ್ದು. ಗಾಳಿಯ ವೈರುಗಳು ಗಾಳಿಯ ಗೂಟಗಳ ನಡುವೆ ಸರಸರನೆ ಹಾಯ್ದವು. ಮುಗಿದಾಗ ರಘುನಂದನ್ ಹಿಂದೆಯೇ ನಿಂತಿದ್ದ.

"ರಂಜಿತ ಅವರೇ, ತುಂಬ ಚೆನ್ನಾಗಿ ಮಾಡಿದ್ರಿ. ಈ ಬ್ಯಾಚಿನಲ್ಲೇ ನೀವು ಫಸ್ಟು" ಎಂದ.

ಹೇಮಶ್ರೀ ಕಣ್ಪಟ್ಟಿ ಬಿಚ್ಚದೆ ತಲೆಯಾಡಿಸಿದಳು. ಆಗ ಅವಳಿಗೆ ಆದ ಸಂತೋಷ ಇಷ್ಟಿಷ್ಟಲ್ಲ. ಸಂಜೆ ಬಸ್ಸಿನಲ್ಲಿ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಶುಕ್ರವಾರ ಗಂಜಾಂಗೆ ಹೋಗಿ ನಿಮಿಷಾಂಬೆಗೆ ಹೇಮಕ್ಕನ ಹೆಸರಲ್ಲೇ ಅರ್ಚನೆ ಮಾಡಿಸುತ್ತೇನೆಂದು ರಂಜಿತ ಹೇಳಿದಳು, ಹೇಳಿದ ಹಾಗೆ ಮಾಡಿಸಿದಳು ಕೂಡ.

ಹೊಸ ಹಾಲ್‌ಗೆ ಹೋದ ಮೊದಲ ದಿನ ರಂಜಿತ ಮದುವಣಗಿತ್ತಿಯ ಹಾಗಿದ್ದಳು. ಈ ಕನ್ನಡಕ ಹಾಕಿದರೆ ತಲೆ ಸುತ್ತುತ್ತಿರಲಿಲ್ಲ, ಅದೇ ಅವಳ ಸಂಭ್ರಮ. ರಘುನಂದನ್ ಮುಂದೆ ನಿಂತು ಹೇಳಿದ: "ಇನ್ನು ಮೇಲೆ ಇನ್ನೊಬ್ಬರ ವೇಗಕ್ಕೆ ಯಾರೂ ಓಡಬೇಕಾಗಿಲ್ಲ. ಒಬ್ಬೊಬ್ಬರ ಕೈ ಒಂದೊಂದು ಥರ. ಟೆಸ್ಟಿನಲ್ಲಿ ನಿಮ್ಮ ಕೈ ಹೇಗೆ ಓಡಿತೋ, ನಿಮ್ಮ ಕನ್ನಡಕದ ಗೆರೆನೂ ಹಾಗೇ ಓಡುತ್ತೆ."

ಹೇಮಶ್ರೀಗೆ ರಂಜಿತಳ ಕಾರ್ಡಿನಲ್ಲಿ ತಾನು ಕೊಟ್ಟ ಟೆಸ್ಟು ನೆನಪಾಯಿತು. ತಿರುಗಿ ನೋಡಿದಳು. ರಂಜಿತ ಕನ್ನಡಕ ಸರಿಮಾಡಿಕೊಳ್ಳುತ್ತಾ ಅವಳನ್ನೇ ನೋಡಿ ನಗುತ್ತಿದ್ದಳು. ಆ ಮಾತು ಅವಳಿಗಿನ್ನೂ ಹೊಳೆದಿರಲಿಲ್ಲ.

ಹೊಳೆಯಲು ಒಂದು ದಿನವೂ ಬೇಕಾಗಲಿಲ್ಲ. ಹೇಮಶ್ರೀಯ ಕನ್ನಡಕದಲ್ಲಿ ಹಸಿರು ಗೆರೆ ಆರಾಮಾಗಿ ಹೋಗುತ್ತಿತ್ತು, ಯಾಕೆಂದರೆ ಅದು ಅವಳ ನಡುಗುವ ಕೈಯ ವೇಗ. ರಂಜಿತಳ ಕನ್ನಡಕದ್ದು ಹಾಗಲ್ಲ. ಅವಳು ಒಂದು ವೈರು ಹಾಯಿಸುವುದರೊಳಗೆ ಗೆರೆ ಮುಂದಿನದಕ್ಕೆ ಹಾರಿ, ಕಾದು, ಕೆಂಪಾಗುತ್ತಿತ್ತು. ಅವಳು ಆತುರ ಬಿದ್ದು ಕೈ ಹಾಕಿದರೆ ಅದು ಅದರಾಚೆಗೆ ಹೋಗಿರುತ್ತಿತ್ತು. ಮೊದಮೊದಲು ಅದನ್ನೂ ತಮಾಷೆ ಮಾಡಿದಳು, "ನೀನ್ ಇಷ್ಟು ಬಿರ್‌ಬಿರ್ನೆ ಮಾಡೀಯೆ ಅಂತ ಗೊತ್ತಿದ್ರೆ ನಾನೇ ವಾಂತಿ ಮಾಡ್ಕೊಂಡೇ ಟೆಸ್ಟ್ ಕೊಡ್ತಿದ್ದೆ ಕಣಕ್ಕ" ಎಂದಳು. ಆಮೇಲೆ ತಮಾಷೆ ನಿಂತಿತು. ನೀರು ಕುಡಿದರೆ ಎದ್ದು ಹೋಗಬೇಕಾಗುತ್ತದೆಂದು ನೀರು ಕುಡಿಯುವುದನ್ನು ಬಿಟ್ಟಳು. ಮುಂಗೈ ಊದಿಕೊಂಡು, ಬಸ್ಸಿನಲ್ಲಿ ಅದನ್ನು ಮಡಿಲಲ್ಲಿ ಕೂಸಿನ ಹಾಗೆ ಇಟ್ಟುಕೊಂಡು ಕೂರುತ್ತಿದ್ದಳು.

ಎಲ್ಲಕ್ಕಿಂತ ಅವಳನ್ನು ಕೊಂದದ್ದು ಬೇರೆಯೇ. ಅವಳ ಜಡೆ ವಾಪಸ್ಸು ಬರತೊಡಗಿತು. ಟೇಪು ಸಡಿಲ, ಕನೆಕ್ಟರು ಸರಿಯಾಗಿ ಕೂತಿಲ್ಲ. ಎಲ್ಲರೆದುರಿಗೆ ಅವಳ ಮೇಜಿನ ಮೇಲೆ ತಂದು ಇಟ್ಟು ಹೋಗುತ್ತಿದ್ದರು. ಅವಳು ಅದನ್ನು ಬಿಚ್ಚಿ ಮತ್ತೆ ಸುತ್ತುವಾಗ ಹೇಮಶ್ರೀಗೆ ಆ ಕಡೆ ನೋಡಲು ಆಗುತ್ತಿರಲಿಲ್ಲ.

"ಅಕ್ಕಾ, ಸಾರ್‌ಗೆ ಏಳ್ಬುಡಾನ" ಎಂದಳು ಒಂದು ಸಂಜೆ. "ನಾ ಏಳುದ್ರೆ ಸೋಂಬೇರಿ ಸುಳ್ಳೇಳ್ತಾವ್ಳೆ ಅಂತಾರೆ. ಟೆಸ್ಟ್ ಕೊಟ್ಟೋಳ್ ನೀನು. ನೀನೇ ಏಳು."

"ಏಳ್ತೀನಿ ಬುಡು. ಒಸಿ ದಿನ ತಡ್ಕೊ" ಎಂದಳು ಹೇಮಶ್ರೀ.

ಹೇಳಬೇಕೆಂಬ ಮನಸ್ಸೇ ಇತ್ತು ಅವಳಿಗೆ, ಸುಳ್ಳಲ್ಲ. ಆದರೆ ಆ ವಾರ ಹೊರಗಿನಿಂದ ಯಾರೋ ದೊಡ್ಡವರು ಕಾರ್ಖಾನೆ ನೋಡಲು ಬಂದರು. ಅದರ ಮುಂದಿನ ವಾರ ಚಲುವರಾಜು ಸಿಟ್ಟಿನಿಂದ ಉರಿಯುತ್ತಿದ್ದ. ಆಮೇಲೆ ರಘುನಂದನ್ ರಜೆ ಹಾಕಿದ. ಅಡ್ಡಿಗಳಿಗೇನು ಬರವೇ? ಎಲ್ಲದರ ಕೆಳಗೆ ಇದ್ದದ್ದು ಒಂದೇ ಒಂದು ಮಾತು: ಕಾರ್ಡು ಬದಲಾಯಿಸಿದ್ದು ಗೊತ್ತಾದರೆ ಇಬ್ಬರನ್ನೂ ಅಟ್ಟುತ್ತಾರೆ. ರಂಜಿತಳಿಗೆ ಹೋಗಲು ಹಸುಗಳಾದರೂ ಇವೆ, ತನಗೇನಿದೆ ಎಂದು ಕೂಡ ಒಮ್ಮೆ ಅವಳ ಮನಸ್ಸಿಗೆ ಬಂತು. ಬಂದದ್ದಕ್ಕೆ ನಾಚಿಕೆಪಟ್ಟಳು. ಆದರೂ ಹೇಳಲಿಲ್ಲ.

ಕೊನೆಗೆ ಕೇಳಿದವನು ರಘುನಂದನ್ನೇ. ಊಟದ ಹೊತ್ತಿನಲ್ಲಿ ಅವಳಿದ್ದಲ್ಲಿಗೆ ಬಂದು, ಸ್ಟೂಲು ಎಳೆದುಕೊಂಡು ಕೂತು, "ಹೇಮಶ್ರೀ ಅವರೇ, ನೀವು ರಂಜಿತ ಒಂದೇ ಊರಲ್ವಾ? ಟೆಸ್ಟಿನಲ್ಲಿ ಅಷ್ಟು ಚೆನ್ನಾಗಿ ಮಾಡಿದವರು ಈಗ್ಯಾಕೆ ಹೀಗಾದ್ರು? ಕನ್ನಡಕದ್ದೇನಾದರೂ ತೊಂದರೆನಾ? ನಿಮಗೇನಾದರೂ ಗೊತ್ತಾ?" ಎಂದು ಕೇಳಿದ.

ಇದಕ್ಕಿಂತ ಒಳ್ಳೆಯ ಗಳಿಗೆ ಇನ್ಯಾವುದು ಬರಬೇಕಿತ್ತು? ಅಕ್ಕಪಕ್ಕ ಯಾರೂ ಇರಲಿಲ್ಲ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ದೂರದಲ್ಲಿ ಚಲುವರಾಜು ಯಾರನ್ನೋ ಗದರಿದ್ದು ಕೇಳಿಸಿತು.

"ಮನೇಲೇನೋ ತಾಪತ್ರಯ ಇರ್ಬೇಕು ಸಾರ್" ಎಂದಳು ಹೇಮಶ್ರೀ.

ಅವನು ಪಾಪ ನಂಬಿದ. ಹಾಗಿದ್ದರೆ ಸ್ವಲ್ಪ ಸಮಾಧಾನವಾಗಿ ನೋಡಿಕೊಳ್ಳಿ ಎಂದು ಚಲುವರಾಜುವಿಗೆ ಹೇಳಿಯೂ ಹೋದ. ಚಲುವರಾಜುವಿನ ಸಮಾಧಾನ ಎಂಥದ್ದೆಂದು ಆ ಹುಡುಗನಿಗೇನು ಗೊತ್ತು? ಮಧ್ಯಾಹ್ನ ಇನ್ನೊಂದು ಜಡೆ ವಾಪಸ್ಸು ಬಂದಾಗ ಇಡೀ ಹಾಲ್‌ಗೇ ಕೇಳುವ ಹಾಗೆ, "ಗಂಡ ಎಂಡ್ತಿ ಜಗಳ ಮನೇಲೇ ಬುಟ್ಟು ಬಾ ತಾಯಿ. ನಿಮ್ಮೂರೋಳೇ ಏಳವ್ಳೆ ಸಾರ್‌ಗೆ, ನಿಮ್ಮನೆ ತಾಪತ್ರಯ ಎಲ್ಲಾನೂವೆ" ಎಂದ.

ರಂಜಿತ ತಲೆ ಎತ್ತಲಿಲ್ಲ. ಜಡೆ ಬಿಚ್ಚಿದಳು, ಮತ್ತೆ ಸುತ್ತಿದಳು. ಸಂಜೆ ಕೈ ತೊಳೆಯುವ ನಲ್ಲಿಯ ಹತ್ತಿರ ಹೇಮಶ್ರೀಯ ಪಕ್ಕ ಬಂದು ನಿಂತು, ಮೆಲ್ಲಗೆ ಕೇಳಿದಳು: "ನಮ್ಮನೇಲಿ ಏನ್ ತಾಪತ್ರಯ ಐತಕ್ಕ?"

ಹೇಮಶ್ರೀ ತೊಳೆದ ಕೈಯನ್ನೇ ಮತ್ತೆ ತೊಳೆದಳು. ಬಸ್ಸಿನಲ್ಲಿ ರಂಜಿತ ಮುಂದಿನ ಸೀಟಿಗೆ ಹೋಗಿ ಕೂತಳು. ಮರುದಿನ ಬಸ್ಸು ಹತ್ತಲೇ ಇಲ್ಲ.

ಕೆಲಸ ಬಿಟ್ಟಳೆಂದು ಗೊತ್ತಾದ ದಿನ ಹೇಮಶ್ರೀ ರಘುನಂದನ್ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿಬಿಟ್ಟಳು. ತೆಗೆದರೆ ತೆಗೆಯಲಿ ಎಂದು ಗಟ್ಟಿ ಮನಸ್ಸು ಮಾಡಿಕೊಂಡೇ ಹೋಗಿದ್ದಳು. ಅವನು ಬಾಯಿ ಬಿಟ್ಟುಕೊಂಡು ಕೇಳಿದ. ಕೇಳಿ ಮುಗಿದ ಮೇಲೆ ಎರಡೂ ಕೈಯಲ್ಲಿ ಮುಖ ಉಜ್ಜಿಕೊಂಡ.

"ಅಯ್ಯೋ, ಮೊದಲೇ ಹೇಳಬಾರದಿತ್ತಾ? ವಿ.ಆರ್. ಹಾಕಿಕೊಂಡರೆ ಎಷ್ಟೋ ಜನಕ್ಕೆ ತಲೆ ಸುತ್ತುತ್ತೆ. ನನಗೇ ಮೊದಲು ಸುತ್ತುತ್ತಿತ್ತು. ಅಂಥವರಿಗೆ ಹಲಗೆ ಮೇಲೇ ಟೆಸ್ಟು ಕೊಡಿಸಬಹುದು. ಈ ವೇಗನೂ ಅಷ್ಟೇ, ಇಲ್ಲಿ ಕೂತೇ ಕಮ್ಮಿ ಮಾಡಬಹುದು. ಆ ದಿನ ನಾನು ಕೇಳಿದೆನಲ್ಲ, ಆಗ ಹೇಳಿದ್ದರೆ ಸಂಜೆಯೊಳಗೇ ಸರಿ ಮಾಡಿಬಿಡುತ್ತಿದ್ದೆ."

"ನಮ್ಮಿಬ್ರುನ್ನೂ ತೆಗುದ್ಬುಡ್ತೀರಿ ಅಂತ..."

"ಯಾರು ಹೇಳಿದ್ದು ಹಾಗಂತ?"

ಅವಳು ಯಾರ ಹೆಸರು ಹೇಳಬೇಕು? ಕಾರ್ಡು ಬದಲಾಯಿಸಿದರೆ ಅಟ್ಟುತ್ತಾರೆ ಎಂದು ಯಾರೂ ಹೇಳಿರಲಿಲ್ಲ. ತಾನೇ ಅಂದುಕೊಂಡು, ತಾನೇ ಹೆದರಿ, ತನ್ನನ್ನು ನಂಬಿದವಳನ್ನು ತಾನೇ ನೀರಿಗೆ ತಳ್ಳಿದ್ದಳು. ಒಂದಷ್ಟು ಬೈಗುಳವನ್ನಾದರೂ ನಿರೀಕ್ಷೆ ಮಾಡಿ ಹೋಗಿದ್ದವಳಿಗೆ ಅದೂ ಸಿಗಲಿಲ್ಲ. ರಂಜಿತ ಬರುವುದಾದರೆ ಬರಲಿ, ಜಾಗ ಇಟ್ಟಿರುತ್ತೇನೆ, ಹೊಸದಾಗಿ ಟೆಸ್ಟು ಮಾಡೋಣ ಎಂದು ಅವನು ಹೇಳಿ ಕಳಿಸಿದ. ಹೊರಗೆ ಬಂದವಳು ಗೋಡೆಗೆ ಒರಗಿ ನಿಂತು ಬಿಕ್ಕಿ ಬಿಕ್ಕಿ ಅತ್ತಳು.

ಅದೇ ಸಂಜೆ ರಂಜಿತಳ ಮನೆಗೆ ಹೋದಳು. ಜಗಲಿಯ ಮೇಲೆ ಕೂತಿದ್ದ ಕುಮಾರ, "ಬಾ ಹೇಮಕ್ಕ. ನಾ ಅವತ್ತೇ ಏಳಿದ್ದೆ, ಇದೆಲ್ಲ ಇವ್ಳ್ ಕೈಲಾಗೋದಲ್ಲ ಅಂತ" ಎಂದು ನಗುತ್ತಲೇ ಹೇಳಿದ. ಆ ನಗುವನ್ನು ರಂಜಿತ ದಿನಾ ನೋಡಬೇಕಲ್ಲ ಎಂದು ಹೇಮಶ್ರೀಗೆ ಸಂಕಟವಾಯಿತು. ರಂಜಿತ ಕೊಟ್ಟಿಗೆಯ ಮುಂದೆ ಹಾಲಿನ ಕ್ಯಾನು ಉಜ್ಜುತ್ತಿದ್ದಳು. ಹೇಮಶ್ರೀ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ರಘುನಂದನ್ ಹೇಳಿದ್ದನ್ನೆಲ್ಲ ಹೇಳಿದಳು.

"ತಪ್ಪಾಯ್ತು ಕಣೆ ರಂಜಿ. ಬಂದ್ಬುಡು. ಗೆರೆ ನಿನ್ ಕೈಯಂಗೇ ನಿಧಾನುಕ್ಕೆ ಬರಂಗೆ ಮಾಡ್ಕೊಡ್ತಾರಂತೆ."

ರಂಜಿತ ಕ್ಯಾನನ್ನು ಬೋರಲು ಹಾಕಿದಳು. "ಗೆರೆ ನಿಧಾನುಕ್ ಬತ್ತದೆ ಬುಡಕ್ಕ. ಅಲ್ಲಿರೋರ್ ಮೊಕ ಎಂಗ್ ನೋಡ್ಲಿ? ಕೈಲಾಗ್ದೋಳು, ಮನೇಲಿ ಜಗಳ ಆಡ್ಕೊಂಡ್ ಬಂದು ಕೆಲ್ಸ ಕೆಡುಸ್ದೋಳು ಅಂತ ಅನ್ನಿಸ್ಕಂಡಾಯ್ತು" ಎಂದಳು. ಕಾಫಿ ಕೊಟ್ಟಳು. ಮನೆಗೆ ಬಂದವರಿಗೆ ಕೊಡುವ ಹಾಗೆ ಕೊಟ್ಟಳು, ಪಕ್ಕದಲ್ಲಿ ಕೂತು ತಾನೂ ಕುಡಿಯಲಿಲ್ಲ.

ನಾಲೆಗೆ ನೀರು ಬಿಟ್ಟ ಮೇಲೆ ಊರೆಲ್ಲ ನಾಟಿಗೆ ಬಿತ್ತು. ದ್ಯಾವಮ್ಮನ ಗದ್ದೆಯ ಸರದಿ ಬಂದ ಭಾನುವಾರ ಹೇಮಶ್ರೀ ಕೆಸರಿಗೆ ಇಳಿಯುವ ಹೊತ್ತಿಗೆ ಬದುವಿನ ಮೇಲೆ ರಂಜಿತ ಬರುತ್ತಿದ್ದಳು. ಕರೆಯಲು ಯಾರೂ ಹೋಗಿರಲಿಲ್ಲ. ಹೇಮಶ್ರೀಗೆ ಹೋಗುವ ಮುಖವಿರಲಿಲ್ಲ, ದ್ಯಾವಮ್ಮನಿಗೆ ನಡೆದದ್ದೇನೂ ಗೊತ್ತಿರಲಿಲ್ಲ. ರಂಜಿತ ಸೀರೆ ಎತ್ತಿ ಕಟ್ಟಿ, ಪೈರಿನ ಕಟ್ಟು ತೆಗೆದುಕೊಂಡು ಸಾಲಿಗೆ ನಿಂತಳು. ಸಿಟ್ಟು ಇಳಿಯಿತು, ಬಂದಳು ನನ್ನ ರಂಜಿ ಎಂದು ಹೇಮಶ್ರೀಯ ಜೀವ ಹಿಗ್ಗಿತು. ಓಡಿಹೋಗಿ ಅವಳ ಪಕ್ಕದ ಸಾಲನ್ನೇ ಹಿಡಿದಳು.

ರಂಜಿತಳ ಮುಂಗೈ ಇನ್ನೂ ಪೂರ್ತಿ ವಾಸಿಯಾಗಿರಲಿಲ್ಲ. ಪೈರು ಊರುವಾಗಲೆಲ್ಲ ತುಟಿ ಕಚ್ಚುತ್ತಿದ್ದಳು. ಅವಳು ಹಿಂದೆ ಬೀಳಬಾರದೆಂದು ಹೇಮಶ್ರೀ ತನ್ನ ಕೈಯನ್ನು ಬೇಕೆಂದೇ ತಡೆದು, ಅವಳು ಒಂದು ಊರಿದರೆ ತಾನೂ ಒಂದು ಊರುತ್ತಾ ಜೊತೆಯಲ್ಲೇ ಹೋದಳು.

"ನನ್ಗೋಸ್ಕರ ನಿಧಾನ ಮಾಡ್ಬ್ಯಾಡ ನೀನು" ಎಂದಳು ರಂಜಿತ, ಬಗ್ಗಿದಲ್ಲಿಂದಲೇ. "ನಿನ್ ಪಾಡ್ಗೆ ನೀನ್ ಓಗು."

ಆ ದಿನ ಅವಳು ಹೇಮಶ್ರೀಯ ಜೊತೆ ಆಡಿದ್ದು ಅದೊಂದೇ ಮಾತು. ಮಧ್ಯಾಹ್ನ ಎಲ್ಲರ ಜೊತೆ ಮುದ್ದೆ ಉಂಡಳು. ಸಂಜೆಯವರೆಗೆ ಸೊಂಟ ನೆಟ್ಟಗೆ ಮಾಡದೆ ನಟ್ಟಳು. ಅವಳ ಸಾಲು ಎಲ್ಲರ ಸಾಲಿಗಿಂತ ಅಚ್ಚುಕಟ್ಟಾಗಿತ್ತು, ಒಂದು ಪೈರೂ ವಾಲಿರಲಿಲ್ಲ. ಹೊತ್ತಿಳಿದ ಮೇಲೆ ನಾಲೆಯ ನೀರಿನಲ್ಲಿ ಕೈಕಾಲು ತೊಳೆದುಕೊಂಡು ಹೊರಟು ನಿಂತಳು.

ದ್ಯಾವಮ್ಮ ಎಲೆಅಡಿಕೆ ಕೊಡುತ್ತಾ, "ಬುಧವಾರ್ವಲ್ವೇನವ್ವ ನಿಮ್ದು ನಾಟಿ? ಒತ್ತಾರೆಗೇ ಬತ್ತೀವಿ, ನಾನೂ ಹೇಮನೂ. ರಜಾ ಆಕ್ತಾಳೆ ಬುಡು" ಎಂದಳು. ಎರಡು ಮನೆಗಳ ನಡುವೆ ಅದು ಹೇಳುವ ಮಾತೇ ಅಲ್ಲ, ವರ್ಷಾ ವರ್ಷಾ ನಡೆದುಕೊಂಡು ಬಂದದ್ದು.

ರಂಜಿತ ಎಲೆಅಡಿಕೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಹೇಮಶ್ರೀಯ ಕಡೆಗೆ ನೋಡಲಿಲ್ಲ.

"ಬ್ಯಾಡ ದೊಡ್ಡವ್ವ. ಹೇಮಕ್ಕುಂದು ಒಂದಿನದ್ ಮುಯ್ಯಿ ನನ್ ಮ್ಯಾಲಿತ್ತು, ಇವತ್ಗೆ ತೀರ್ತು" ಎಂದಳು. "ಬುಧವಾರುಕ್ಕೆ ಕೂಲಿಯೋರ್ಗೆ ಏಳಿವ್ನಿ."